ಒಂದು ವರ್ಷದ ಮೂರನೇ ರ‍್ಯಾಂಕು

ಒಂದಿಡೀ ವರ್ಷ ನಾನು ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕಿಗೆ ಮೂರನೇ ರ‍್ಯಾಂಕಿನ ಪ್ಯಾಡೆಲ್ ಆಟಗಾರನಾಗಿದ್ದೆ. ಆಡುವವರು ಒಟ್ಟು ಇಪ್ಪತ್ತೊಂದು ಮಂದಿ ಎಂಬುದನ್ನು ಬೀಗರ ಮುಂದೆ ಹೇಳುತ್ತಿರಲಿಲ್ಲ.

ಪ್ಯಾಡೆಲ್ ಎಂದರೆ ಸುತ್ತ ಗಾಜಿನ ಗೋಡೆ ಇರುವ ಅಂಕಣದಲ್ಲಿ ಇಬ್ಬಿಬ್ಬರು ಜೋಡಿಯಾಗಿ ಆಡುವ, ಟೆನಿಸ್‌ಗೆ ದೂರದ ನೆಂಟನಾದ ಆಟ. ಚೆಂಡು ನೆಲಕ್ಕೆ ಪುಟಿದು ಗೋಡೆಗೆ ಬಡಿದು ಬಂದರೂ ಹೊಡೆಯಬಹುದು. ಹೊಟ್ಟೆ ಬಂದವರಿಗೆ ಇಂಥ ಇನ್ನೊಂದು ಅವಕಾಶ ಬೇರೆಲ್ಲೂ ಸಿಗುವುದಿಲ್ಲ. ಸಿಂಧನೂರಿನ ನಮ್ಮ ರೈಸ್‌ಮಿಲ್ ಸಾಹುಕಾರರು ಹೈದರಾಬಾದಿನಲ್ಲಿ ನೋಡಿ ಬಂದು, ಭತ್ತ ಒಣಗಿಸುವ ಕಣದ ಅರ್ಧದಲ್ಲಿ ಅಂಕಣ ಕಟ್ಟಿಸಿದರು. ಲಿಂಗಸುಗೂರಿನವರು ಹಟಕ್ಕೆ ಬಿದ್ದು ಇನ್ನೊಂದು ಕಟ್ಟಿಸಿದರು. ಹೈಸ್ಕೂಲಿನಲ್ಲಿ ಗಣಿತ ಹೇಳುವವನೆಂದು ರ‍್ಯಾಂಕಿಂಗ್ ಪಟ್ಟಿ ನನ್ನ ಕೊರಳಿಗೆ ಬಿತ್ತು.

ನಾನು ವೃತ್ತಿಪರ ಆಟಗಾರರ ನಿಯಮವನ್ನೇ ತಂದೆ. ಆಡುವುದು ಜೋಡಿಯಾದರೂ ರ‍್ಯಾಂಕು ಒಬ್ಬೊಬ್ಬರಿಗೆ ಬೇರೆ. ಗೆದ್ದ ಅಂಕ ಇಬ್ಬರಿಗೂ ಪೂರ್ತಿ. ಜೋಡಿ ಮುರಿದರೆ ಅವರವರ ಅಂಕ ಅವರವರ ಜೊತೆ ಹೋಗುತ್ತದೆ. ಟೂರ್ನಿಯಲ್ಲಿ ಇಬ್ಬರ ಅಂಕ ಕೂಡಿಸಿ ಜೋಡಿಯ ಸ್ಥಾನ ನಿರ್ಧಾರ. ಎಲ್ಲಕ್ಕಿಂತ ಕ್ರೂರವಾದದ್ದು, ಅಂಕದ ಆಯಸ್ಸು ಐವತ್ತೆರಡು ವಾರ. ವರ್ಷ ತುಂಬಿದೊಡನೆ ಹಳೆಯದು ಉದುರುತ್ತದೆ. ಬೇಕಿದ್ದರೆ ಮತ್ತೆ ಆಡಿ ಗಳಿಸಬೇಕು.

ನನ್ನ ಅಂಕವೆಲ್ಲ ಒಂದೇ ಟೂರ್ನಿಯದು. ಲಿಂಗಸುಗೂರಿನ ಫೈನಲ್ ದಿನ ಎದುರಾಳಿಗಳಿಬ್ಬರೂ ನಿಶ್ಚಿತಾರ್ಥದ ಊಟಕ್ಕೆಂದು ಜವಳಗೇರಾಕ್ಕೆ ಹೋದವರು ವಾಪಸ್ ಬರಲೇ ಇಲ್ಲ. ಹಾಗಾಗಿ ಗೆದ್ದೆವು. ನನ್ನ ಜೋಡಿ ಹೆಂಡತಿಯ ತಮ್ಮ, ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಅವನು ಬೇರೆಯವರ ಜೊತೆಗೂ ಆಡಿ ಅಂಕ ಗಳಿಸಿದ್ದ. ಅವನ ಜೋಡಿಯಾಗಲು ಹಟ್ಟಿ ಗಣಿಯ ಕೆಲಸಗಾರನೊಬ್ಬ ಕಾದು ಕೂತಿದ್ದ. ಆತನ ತೋಳು ನನ್ನ ತೊಡೆಯಷ್ಟಿದೆ.

ಗೆಲುವಿಗೆ ವರ್ಷ ತುಂಬುವ ವಾರ ಹತ್ತಿರವಾದಂತೆ ನನಗೆ ಊಟ ಸೇರದಾಯಿತು. ರ‍್ಯಾಂಕಿನ ಚಿಂತೆ ಎಂದು ಮನೆಯಲ್ಲಿ ಹೇಳಿದೆ. ನಿಜವಾದ ಚಿಂತೆ, ಮೈದುನ ನನ್ನನ್ನು ಬಿಟ್ಟಾನೆಂಬುದು. ವಾರದಲ್ಲಿ ನಾನು ಯಾವುದಕ್ಕೂ ಹೆದರದೆ ಕಳೆಯುವ ಒಂದೇ ಗಂಟೆ ಅವನ ಜೊತೆ ಆಡುವ ಗಂಟೆ. ಅಂಕ ಅಳಿಸುವ ವಾರ ಬಂತೆಂದು ಅವನಿಗೇ ಫೋನ್ ಮಾಡಿದೆ.

“ಮಾವ, ಅಂಕ ಅಳಸಬ್ಯಾಡ್ರಿ. ಪಟ್ಟಿ ನಿಮ್ಮ ಕೈಯಾಗ ಐತಿ, ಯಾರ್ ಕೇಳ್ತಾರ?”

“ಲೇ, ನಾ ಮಾಸ್ತರ ಅದೀನಿ.”

“ಹಂಗಾರ ಅಳಸ್ರಿ. ಮತ್ತ ನನಗ್ಯಾಕ ಫೋನ್ ಮಾಡೀರಿ?”

ಅಳಿಸಿದೆ. ಮೂರರಿಂದ ಜಾರಿದವನು ಇಪ್ಪತ್ತೊಂದಕ್ಕೆ ಬಂದು ನಿಂತೆ; ಅದರ ಕೆಳಗೆ ಜಾಗ ಇರಲಿಲ್ಲ. ಸಂಜೆ ಎಲ್ಲರೂ ಆಟಕ್ಕೆ ಸೇರಿದ್ದಾಗ ಹೊಸ ಪಟ್ಟಿಯನ್ನು ಮಿಲ್ಲಿನ ಗೋಡೆಗೆ ಅಂಟಿಸಿದೆ. ಸಾಹುಕಾರರು ಕನ್ನಡಕ ಏರಿಸಿಕೊಂಡು ಓದಿದರು.

“ಏನ್ರಿ ಸರ, ನಿಮ್ಮ ಹೆಸರು ತಳಕ್ಕ ಬಂದೈತಿ?”

“ಅಂಕ ಉದುರ‍್ಯಾವ್ರಿ.”

“ಉದುರ‍್ಲಿ ಬಿಡ್ರಿ. ಲಗ್ನಪತ್ರಿಕಿಯಾಗ ಹಿರ‍್ಯಾರ ಹೆಸರು ತಳಕ್ಕ ಹಾಕ್ತಾರೇನು? ಇಲ್ಲಿ ಅರ್ಧ ಮಂದಿ ನಿಮ್ಮ ಕಡೆ ಕಲ್ತಾರ. ಅವರ ಮರ್ಯಾದಿ ಏನಾಗಬೇಕು?”

ಎಲ್ಲರೂ ಹೌದೆಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೆನ್ನು ತೆಗೆದು ಕೆಳಗಿನ ಹೆಸರನ್ನು ಹೊಡೆದುಹಾಕಿ, ಒಂದನೇ ರ‍್ಯಾಂಕಿಗೂ ಮೇಲೆ ದಪ್ಪಕ್ಷರದಲ್ಲಿ ‘ಗೌರವ ಆಟಗಾರರು’ ಎಂದು ನನ್ನ ಹೆಸರು ಬರೆದ. ಚಪ್ಪಾಳೆ ಬಿತ್ತು. ಶಾಲು ತರಿಸುವ ಮಾತೂ ಬಂತು. ನಾನೂ ತಲೆ ಬಾಗಿಸಿ ನಮಸ್ಕಾರ ಹೇಳಿದೆ.

ಆಮೇಲೆ ಲೆಕ್ಕ ಹೊಳೆಯಿತು. ನನ್ನ ಹೆಸರಿನ ಹಿಂದೆ ಸಂಖ್ಯೆಯೇ ಇರಲಿಲ್ಲ. ಸಂಖ್ಯೆ ಇಲ್ಲದವನನ್ನು ಟೂರ್ನಿಗೆ ಸೇರಿಸುವಂತಿಲ್ಲ. ಆ ನಿಯಮವೂ ನಾನೇ ತಂದದ್ದು. ಇವರು ಚಪ್ಪಾಳೆ ತಟ್ಟಿ ನನ್ನನ್ನು ನಿವೃತ್ತಿ ಮಾಡಿದ್ದರು. ಹಟ್ಟಿಯವನು ಆಗಲೇ ಮೈದುನನ ಹೆಗಲ ಮೇಲೆ ಕೈ ಹಾಕಿದ್ದ.

“ಅಣ್ಣಾ, ಹಂಗಾರ ಐತವಾರ ನಾವಿಬ್ರು ಕೂಡೂಣೇನು?”

“ನನ್ನ ತಳಕ್ಕ ಬರೀರಿ!” ಎಂದು ಕೂಗಿಬಿಟ್ಟೆ. “ಕೈ ಮುಗೀತೀನಿ, ನನ್ನ ಇಪ್ಪತ್ತೊಂದು ನನಗ ಕೊಡ್ರಿ.”

“ನನ್ನ ಕೈಲೆ ಆಗಂಗಿಲ್ರಿ ಸರ,” ಎಂದು ಹಳೆಯ ವಿದ್ಯಾರ್ಥಿ ಪೆನ್ನು ಚಾಚಿದ. ನಾನೇ ಬಗ್ಗಿ ಕಟ್ಟಕಡೆಯಲ್ಲಿ ನನ್ನ ಹೆಸರು ಬರೆದೆ. ಸಾಹುಕಾರರು ಅತ್ತ ಮುಖ ತಿರುಗಿಸಿದರು.

ಮೈದುನ ಹೊಟ್ಟೆ ಹಿಡಿದು ನಕ್ಕ. ಹಟ್ಟಿಯವನ ಕೈಯನ್ನು ಮೆಲ್ಲಗೆ ಹೆಗಲಿಂದ ಇಳಿಸಿ, “ಇಲ್ಲಪ್ಪ, ನಮ್ಮ ಮಾವ ಇನ್ನಾ ಪಟ್ಟಿಯಾಗ ಅದಾರ,” ಎಂದ. ನನ್ನ ಕಡೆ ತಿರುಗಿ, “ನೀವೇನೂ ಮಾಡಬ್ಯಾಡ್ರಿ ಮಾವ. ಚಂಡು ಬಂದ್ರ ಬಾಜೂಕ ಸರೀರಿ, ಸಾಕು.”

ಆ ಭಾನುವಾರ ಲಿಂಗಸುಗೂರಿನ ಟೂರ್ನಿಯಲ್ಲಿ ಹಾಗೆಯೇ ಸರಿದೆ, ಎರಡು ಪಂದ್ಯ ಗೆದ್ದೆವು. ಮೂರನೆಯದರಲ್ಲಿ ಧೈರ್ಯ ಬಂದು ನಾನೂ ಚೆಂಡು ಹೊಡೆದೆ.