ದಿನವೂ ಏಕಾದಶಿ

ಹನ್ನೆರಡು ಸಲ ಬಾಯಿ ಮುಕ್ಕಳಿಸಲು ಅಜ್ಜಿಗೆ ಒಂದೂವರೆ ತಂಬಿಗೆ ನೀರು ಬೇಕಾಗುತ್ತಿತ್ತು. ಅದು ಏಕಾದಶಿಯ ದಿನ ಮಾತ್ರ. ಉಪವಾಸದ ಆ ದಿನ ಬೇವಿನ ಕಡ್ಡಿಯನ್ನು ಹಲ್ಲಿಗೆ ತಾಗಿಸಬಾರದು, ಹನ್ನೆರಡು ಸಲ ಮುಕ್ಕಳಿಸಿದರೆ ಸಾಕು ಎಂಬುದು ನಮ್ಮ ಮನೆಯ ನಿಯಮ. ಉಳಿದ ದಿನ ಅವಳ ಕಡ್ಡಿ ತಪ್ಪಿದ್ದಿಲ್ಲ. ಎಪ್ಪತ್ತು ದಾಟಿದ ಮೇಲೂ ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿನ್ನುತ್ತಿದ್ದಳು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಎಂ.ಎಸ್ಸಿ. ಮುಗಿಸಿ ನಮ್ಮೂರು ಗೊಬ್ಬೂರಿಗೆ ಮರಳಿದಾಗ ಅವಳಿಗೆ ಮರೆವು ಹಿಡಿದು ಎರಡು ವರ್ಷವಾಗಿತ್ತು. ಕಡ್ಡಿ ಕೊಟ್ಟರೆ ಅಗಿದು ನುಂಗುತ್ತಿದ್ದಳು. ತಿಕ್ಕು, ಉಗುಳು ಎಂದು ಪ್ರತಿಯೊಂದನ್ನೂ ಹೇಳಬೇಕು. ನಾವೇ ತಿಕ್ಕಲು ಹೋದರೆ ಬೆರಳು ಕಚ್ಚುತ್ತಿದ್ದಳು. ಅರ್ಧ ಗಂಟೆಯ ಈ ಕೆಲಸ ಅವ್ವನಿಂದ ನನಗೆ ಬಂತು.

ಒಂದು ಬೆಳಿಗ್ಗೆ ಅಜ್ಜಿ ಕೇಳಿದಳು: "ಇವತ್ತ ಏಕಾದಶಿ ಏನವಾ?"

"ಹೌದಜ್ಜಿ" ಎಂದೆ. ಅಲ್ಲವೆಂದು ನನಗೆ ಗೊತ್ತಿತ್ತು.

ಆಮೇಲೆ ದಿನವೂ ಕೇಳಿದಳು, ದಿನವೂ ಹೌದೆಂದೆ. ಮೂರು ಸಲ ಮುಕ್ಕಳಿಸುವಷ್ಟರಲ್ಲಿ "ಹನ್ನೆರಡಾತು" ಎನ್ನುತ್ತಿದ್ದೆ. ರೊಟ್ಟಿಯ ಹೊತ್ತಿಗೆ ದ್ವಾದಶಿ ಎಂದರೆ ಅದನ್ನೂ ನಂಬುತ್ತಿದ್ದಳು.

"ನಿನ್ನ ಪಂಚಾಂಗದಾಗ ತಿಂಗಳಿಗೆ ಮೂವತ್ತ ಏಕಾದಶಿ ಅದಾವೇನ? ಇಷ್ಟ ಪುಣ್ಯ ಎಲ್ಲಿ ಇಡ್ತಿ?" ಎಂದು ಅವ್ವ ನಗುತ್ತಿದ್ದಳು. ತಡೆಯಲಿಲ್ಲ.

ನಾಲ್ಕು ತಿಂಗಳಿಗೆ ಅಜ್ಜಿ ಊಟದ ತಾಟನ್ನು ದೂಡತೊಡಗಿದಳು. ನನ್ನ ಗುರುತು ಹಿಡಿಯುವುದನ್ನೂ ಬಿಟ್ಟಳು. ಮರೆವು ಹೆಚ್ಚಾಯಿತೆಂದುಕೊಂಡೆವು. ನೋವು ಎಂಬ ಮಾತು ಅವಳಿಗೆ ಸಿಗಲಿಲ್ಲ, ನಮಗೆ ಹೊಳೆಯಲಿಲ್ಲ. ಎಡಗೆನ್ನೆ ಊದಿಕೊಂಡ ಮೇಲೆ ಬಸ್ಸಿನಲ್ಲಿ ಅಫಜಲಪುರಕ್ಕೆ ಕರೆದೊಯ್ದೆವು.

ಹಲ್ಲಿನ ಡಾಕ್ಟರು ಅವಳ ಬಾಯಿ ತೆರೆಸಿ, ತಮ್ಮ ಮುಖ ಹಿಂದಕ್ಕೆ ಸರಿಸಿದರು. "ದಿನಾ ಹಲ್ಲ ಯಾರ ತಿಕ್ಕಸ್ತೀರಿ?"

"ನಾನರಿ."

ಬೆಳಗಿನ ಆ ಪ್ರಶ್ನೆ ಬಿಟ್ಟರೆ ಅಜ್ಜಿ ಒಂದು ಪೂರ್ತಿ ಮಾತು ಆಡುವುದೇ ಆಗ ಅಪರೂಪ. ಅಂದು ಆಡಿದಳು: "ನಮ್ಮನ್ಯಾಗ ದಿನಾ ಏಕಾದಶಿರಿ."

ಡಾಕ್ಟರು ನಕ್ಕರು. ಅವ್ವ ನೆಲ ನೋಡಿದಳು.

ಮೂರು ಹಲ್ಲು ಕಿತ್ತರು. ಒಸಡಿನ ಕೀವಿಗೂ ಮರೆವಿಗೂ ಸಂಬಂಧವಿದೆಯೇ ಎಂದು ಕೇಳಿದೆ.

"ಇದ್ರೂ ಇರಬಹುದ್ರಿ. ಮರ್ತವ್ರು ತಿಕ್ಕೂದಿಲ್ಲ, ತಿಕ್ಕದಿದ್ರ ಇನ್ನೂ ಕೆಡತದ. ಯಾವುದು ಮೊದಲು ಅಂತ ಹೇಳಾಕ ಬರೂದಿಲ್ಲ" ಎಂದರು. ಉಳಿದ ಹಲ್ಲುಗಳನ್ನು ಉಪ್ಪುನೀರಿನ ಬಟ್ಟೆಯಿಂದ ದಿನವೂ ಒರೆಸಲು ಹೇಳಿದರು.

ಮರಳುವ ಬಸ್ಸಿನಲ್ಲಿ ಅಜ್ಜಿಯ ಪಕ್ಕ ಕೂತೆ. ಯಾವುದು ಮೊದಲೆಂದು ಡಾಕ್ಟರಿಗೆ ಗೊತ್ತಿಲ್ಲದಿರಬಹುದು. ಆದರೆ ಹಲ್ಲು ಹೇಗೆ ತಿಕ್ಕುವುದೆಂದು ಮರೆತಿದ್ದರೂ, ತಿಕ್ಕಬೇಕೆಂಬುದನ್ನು ಅಜ್ಜಿ ಮರೆತಿರಲಿಲ್ಲ. ಕಡ್ಡಿ ಹಿಡಿಯಬೇಕೋ ಬೇಡವೋ ಎಂದು ದಿನವೂ ನನ್ನನ್ನು ಕೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಮತ್ತೆ ಕೇಳಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಅಂದು ನಿಜವಾಗಿ ಏಕಾದಶಿ. "ಅಲ್ಲಜ್ಜಿ, ದಶಮಿ" ಎಂದು ಹೇಳಿ, ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಉಳಿದ ಹಲ್ಲುಗಳನ್ನು ಒಂದೊಂದಾಗಿ ಒರೆಸಿದೆ. ಎರಡು ಸಲ ಕಚ್ಚಿದಳು. ನಾನು ಕೈ ತೆಗೆಯಲಿಲ್ಲ.