ಶ್ರಾವಣ ಸೋಮವಾರದ ಖಾಲಿ ಬಸ್ಸು

ಗುರುಬಾಯಿ, ನಿಮ್ಮೂರಿಗೆ ಬರಬೇಕಾಗಿದ್ದ ಬಸ್ಸನ್ನು ತಪ್ಪಿಸಿದವಳು ನಾನು. ಪುರಸಭೆಯವರಲ್ಲ, ಬಸ್ಸು ಬಂದರೆ ಬಾಡಿಗೆ ಕಳೆದುಕೊಳ್ಳುತ್ತಿದ್ದ ಟಾಂಗಾದವರಲ್ಲ — ನಿನ್ನ ಮಗ್ಗುಲಲ್ಲೇ ಹಾಸಿಕೊಂಡು ಮಲಗುತ್ತಿದ್ದ ನಾನು. ಇದೊಂದು ಸಾಲು ಬರೆಯಲು ನನಗೆ ಐವತ್ತು ವರ್ಷ ಹಿಡಿಯಿತು ನೋಡು.

ಎಪ್ಪತ್ತರ ದಶಕದ ಆ ಬಾಗೇವಾಡಿ ನಿನಗೂ ನೆನಪಿರಬೇಕು. ಹೂವಿನ ಹಿಪ್ಪರಗಿ ಕಡೆಯ ಹಳ್ಳಿಯಿಂದ ಹೈಸ್ಕೂಲಿಗೆಂದು ಬಂದು ನೀನು ನಮ್ಮ ಮನೆಯಲ್ಲಿ ಉಳಿದಿದ್ದೆ. ನಮ್ಮಪ್ಪನ ಅಡತಿ ಅಂಗಡಿಗೆ ಜೋಳ ತರುತ್ತಿದ್ದ ನಿಮ್ಮಪ್ಪ ಅವರ ಹಳೆಯ ಗೆಳೆಯರು. ನಮ್ಮಿಬ್ಬರಿಗೂ ಒಂದೇ ಎಣ್ಣೆ ಬಟ್ಟಲು, ಒಂದೇ ತಟ್ಟೆ. ಒಣ ಕಟಿ ರೊಟ್ಟಿಯ ಜೊತೆಗಿನ ಖಾರದ ಶೇಂಗಾ ಹಿಂಡಿಯನ್ನೆಲ್ಲ ನಿನ್ನ ಕಡೆ ಎಳೆದುಕೊಳ್ಳುತ್ತಿದ್ದೆ, ಕಳ್ಳಿ! ಅಣ್ಣಂದಿರೇ ತುಂಬಿದ್ದ ಮನೆಯಲ್ಲಿ ನಗಲಿಕ್ಕೆ ನನಗಿದ್ದವಳು ನೀನೊಬ್ಬಳೇ. ಆದರೆ ದೀಪ ಆರಿಸಿದ ಮೇಲೆ ನೀನು ಅವ್ವನನ್ನು ನೆನೆದು ಅಳುತ್ತಿದ್ದೆ. ನಾನು ನಿದ್ದೆ ಹತ್ತಿದವಳಂತೆ ಬಿದ್ದಿರುತ್ತಿದ್ದೆ.

ಆಗಲೇ ಬಸ್ಸಿನ ಮಾತು ಎದ್ದಿತು. ಸುತ್ತಲಿನ ಹಳ್ಳಿಗಳಿಗೆ ಬಸ್ಸು ಬಿಡಬೇಕಾದರೆ ಖರ್ಚಿನಲ್ಲಿ ಪುರಸಭೆಯೂ ಪಾಲು ಕೊಡಬೇಕು. ಕೊಡಬೇಕೋ ಬೇಡವೋ ಎಂದು ಸದಸ್ಯರು ತಿಂಗಳುಗಟ್ಟಲೆ ಜಗಳಾಡಿದರು. ನೀನಂತೂ ಕುಣಿದಾಡಿದೆ. "ಬಸ್ಸ ಬಂದ್ರ ದಿನಾ ಸಂಜೀಕ ನಮ್ಮವ್ವನ ಕಡೆ ಹೋಗ್ತೇನಿ ನೋಡ!" ನಾನೂ ನಕ್ಕೆ. ಅಂದು ರಾತ್ರಿ ಮಾತ್ರ, ಇನ್ನು ಈ ಮಗ್ಗುಲು ಖಾಲಿಯೆಂದು, ನಿನ್ನ ಹಾಸಿಗೆಯನ್ನು ನನ್ನದಕ್ಕೆ ಎಳೆದುಕೊಂಡೆ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪುರಸಭೆಯ ಮುಖ್ಯಾಧಿಕಾರಿಗಳು ಬಾಡಿಗೆಗಿದ್ದರಲ್ಲ — ಮೈಸೂರು ಕಡೆಯವರು, ನಮ್ಮ ಚಟ್ನಿಗೆ ಕಣ್ಣೀರು ಹಾಕುತ್ತಿದ್ದ ಒಳ್ಳೆಯ ಮನುಷ್ಯ. ಒಂದು ದಿನ ಪುಕ್ಕಟೆ ಬಸ್ಸು ಓಡಿಸಿ, ಜನ ಹತ್ತುತ್ತಾರೋ ಇಲ್ಲವೋ ಎಂದು ತಾವೇ ನೋಡಬೇಕೆಂದು ಅವರ ಯೋಚನೆ. ಮೊದಲೇ ತಿಳಿದರೆ ಬಸ್ಸು ಬೇಕೆನ್ನುವವರು ಜನರನ್ನು ತುಂಬಿಸುತ್ತಾರೆ, ಬೇಡವೆನ್ನುವವರು ತಡೆಯುತ್ತಾರೆ ಎಂದು ಯಾವ ಸದಸ್ಯರಿಗೂ ಹೇಳಿರಲಿಲ್ಲ. ಚಹಾ ಕೊಡಲು ಹೋದ ನನ್ನನ್ನು ಕೇಳಿದರು: "ಆ ರಸ್ತೇಲಿ ಯಾವತ್ತಮ್ಮ ಜನ ಜಾಸ್ತಿ ಓಡಾಡೋದು?"

"ಶ್ರಾವಣ ಸೋಮವಾರ್ರಿ," ಎಂದೆ. "ದಾರಿ ತುಂಬ ಮಂದೀನ ಇರ್ತಾರ್ರಿ."

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ. ಬಸವಣ್ಣನ ಗುಡಿಗೆ ಬರಿಗಾಲಲ್ಲಿ ಬರುತ್ತೇವೆಂದು ಹರಕೆ ಹೊತ್ತವರು ಏನು ಕೊಟ್ಟರೂ ಗಾಡಿ ಹತ್ತುವುದಿಲ್ಲ — ಇದು ನಮ್ಮ ಕಡೆಯ ಕೂಸಿಗೂ ಗೊತ್ತು. ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಶ್ರಾವಣದ ಸೋಮವಾರವೇ ಬಸ್ಸು ಓಡಿಸಿ, ಸಂಜೆ ಅವರು ಮೋರೆ ಸಣ್ಣದು ಮಾಡಿಕೊಂಡು ಬಂದರು. "ದಾರಿ ತುಂಬ ಜನ ಇದ್ರಮ್ಮ. ನಿಲ್ಲಿಸಿದಲ್ಲೆಲ್ಲ ಕೈಮುಗಿದು ಬಸ್ಸನ್ನೇ ಮುಂದಕ್ಕೆ ಕಳಿಸಿಬಿಟ್ರು. ನಡೆಯೋದೇ ಇವರಿಗೆ ಇಷ್ಟ ಅನ್ಸುತ್ತೆ." ಆಗಲಾದರೂ ಹೇಳಬಹುದಿತ್ತು — ನಾನು ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದೆ.

ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರು, "ಅವತ್ತ ಹರಕಿ ದಿನಾರಿ, ಇನ್ನೊಮ್ಮೆ ಬಿಟ್ಟು ನೋಡೂಣು" ಎಂದರಂತೆ. ರೊಕ್ಕ ಬಿಚ್ಚಲು ಮನಸ್ಸಿಲ್ಲದವರಿಗೆ ಅಷ್ಟರಲ್ಲಿ ನೆಪ ಸಿಕ್ಕಿತ್ತು. "ಪುಕ್ಕಟ ಹತ್ತಲಾರದವ್ರು ರೊಕ್ಕಾ ಕೊಟ್ಟು ಹತ್ತತಾರೇನ್ರಿ?" ಎಂದು ನಗಾಡಿ, ಕೈ ಎತ್ತಿಸಿ, ಬೇಡವೆಂದು ತೀರ್ಮಾನಿಸಿದರು.

ಇನ್ನು ನೀನು ನನ್ನವಳೇ ಎಂದುಕೊಂಡೆ. ಎಂಥ ಜಾಣತನ! ಆ ವಾರವೇ ನಿಮ್ಮಪ್ಪ ಗಾಡಿ ಕಟ್ಟಿಕೊಂಡು ಬಂದರು. ದೊಡ್ಡವಳಾದ ಮಗಳನ್ನು ಪರರ ಮನೆಯಲ್ಲಿ ಎಷ್ಟು ದಿನ ಇಡುವುದೆಂದು ಅವರು ಆ ಬಸ್ಸಿನ ದಾರಿಯನ್ನೇ ಕಾಯುತ್ತಿದ್ದರಂತೆ. "ಬಸ್ಸ ಬಂದಿದ್ರ ಸಾಲಿ ಬಿಡಸ್ತಿದ್ದಿಲ್ರಿ," ಎಂದರು ನಮ್ಮಪ್ಪನಿಗೆ. ಇದು ನನಗೆ ತಿಳಿದಿರಲಿಲ್ಲ — ತಿಳಿದಿರಲಿಲ್ಲವೆಂದರೆ ಏನು ಬಂತು? ನೀನು ಟ್ರಂಕಿನ ಮೇಲೆ ಕುಳಿತು ಹೋದೆ. ಮುಂದಿನ ಬೇಸಿಗೆಗೆ ನಿನ್ನ ಮದುವೆಯಾಯಿತು. ಹಿಂಡಿಯೆಲ್ಲ ನನ್ನ ಪಾಲಿಗೇ ಬಂತು.

ಇದನ್ನು ನನ್ನ ಜೊತೆಗೇ ಒಯ್ದುಬಿಡುತ್ತಿದ್ದೆನೇನೋ. ಆದರೆ ಮೊನ್ನೆ ನಿನ್ನ ಅವ್ವ ತೀರಿಕೊಂಡ ಸುದ್ದಿ ಕೇಳಿ ನಿಮ್ಮೂರಿಗೆ ಬಂದೆ. ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದ ಅವರ ಪಾದ ಹಿಡಿದು ನೀನು ಕೇಳುತ್ತಿದ್ದೆ: "ಬಸ್ಸ ಬರಲಿ ಅಂತ ಹರಕಿ ಹೊತ್ತು ನಡದಾಕಿ, ಬಂದ ಬಸ್ಸಿಗೆ ಕೈಮುಗದು ಕಳಿಸಿದೆಲ್ಲಬೇ ಯವ್ವಾ! ಒಂದ ಸಲ ಹತ್ತಿದ್ರ ಏನಾಗ್ತಿತ್ತ ನಿನಗ? ನನ್ನ ಸಾಲಿ ಉಳೀತಿತ್ತಲ್ಲಬೇ..."

ಅವರೂ ಆ ದಾರಿಯಲ್ಲಿದ್ದರೆಂದು ಅಂದೇ ನನಗೆ ತಿಳಿದದ್ದು. ಮಗಳು ದಿನಾ ಮನೆಗೆ ಬರಲೆಂದು ಬೇಡಿಕೊಂಡು, ಆ ಬೇಡಿಕೆ ಕೆಡಬಾರದೆಂದೇ ಬಸ್ಸು ಹತ್ತದೆ... ಸಾಲಿ ಬಿಟ್ಟಂದಿನಿಂದ ನೀನು ಅವರೊಂದಿಗೆ ನೆಟ್ಟಗೆ ಮಾತಾಡಿರಲಿಲ್ಲವೆಂದು ನಿನ್ನ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು. ನಾನು ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ.

ನಾಳೆ ನಿನ್ನ ಮನೆಗೆ ಬರುತ್ತೇನೆ, ಬರೆದದ್ದನ್ನು ನಿನ್ನೆದುರೇ ಓದುತ್ತೇನೆ. ಬೈಯಿ, ಬಾಗಿಲು ಹಾಕಿಕೋ. ಕ್ಷಮಿಸೆಂದು ಮಾತ್ರ ನಾನು ಕೇಳುವುದಿಲ್ಲ, ಗುರುಬಾಯಿ. ಅವತ್ತು ಹೆಣದ ಮುಂದೆ ನಾನು ಒಂದು ಮಾತು ಹೇಳಿದ್ದರೆ, ಅವರನ್ನು ಮಣ್ಣಿಗಿಡುವ ಮೊದಲು ನೀನು ನಿನ್ನ ಅವ್ವನ ಕ್ಷಮೆ ಕೇಳುತ್ತಿದ್ದೆ. ಅದನ್ನೂ ನಾನೇ ತಪ್ಪಿಸಿದೆ.