ಹಲ್ಲಿಗೆ ಹತ್ತಿದ ಚಹಾದ ಬಣ್ಣ

ಮರಾಠಿ ಸೀಮೆಯ ಧನಕವಡಿಯಲ್ಲಿದ್ದ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಚಹಾದ ಪಾತ್ರೆ ಒಲೆಯಿಂದ ಇಳಿಯುತ್ತಿದ್ದುದೇ ಅಪರೂಪ. ಭೋಸರಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ನಾನು, ಬಟ್ಟೆ ಅಂಗಡಿಯಲ್ಲಿದ್ದ ನನ್ನ ಅಣ್ಣ, ಹೊತ್ತಲ್ಲದ ಹೊತ್ತಿಗೆ ಬರುವ ನೆಂಟರು, ಹೀಗೆ ಎಲ್ಲರ ಜೊತೆಗೂ ಅರ್ಧರ್ಧ ಕಪ್ಪು ಕುಡಿಯುತ್ತ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ದಿನವಿಡೀ ಬಾಯಿಗೆ ಚಹಾ ಸೋಕಿಸಿಕೊಂಡೇ ಇರುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅವರ ಹಲ್ಲು ಕಂದುಬಣ್ಣಕ್ಕೆ ತಿರುಗಿದ್ದನ್ನು ಯಾರೂ ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದವನು ನಾನು.

ಒಂದು ಭಾನುವಾರ ವಿಜಾಪುರದ ಬೀಗರು ಬಂದು ಕೂತಿದ್ದರು. "ನಮ್ಮ ವೈನಿ ನಕ್ಕರ ಸಾಕ್ರಿ, ಚಹಾ ಎಷ್ಟು ಕಡಕ್ ಅದ ಅಂತ ಗೊತ್ತಾಗ್ತದ" ಎಂದುಬಿಟ್ಟೆ. ಎಲ್ಲರೂ ನಕ್ಕರು, ವೈನಿಯೂ ನಕ್ಕರು. ಎಂಥ ಚತುರ ಮಾತಾಡಿದೆನೆಂದು ನಾನು ಒಳಗೊಳಗೇ ಹಿಗ್ಗಿದೆ.

ಮರುದಿನದಿಂದ, ನಗು ಬಂದಾಗಲೆಲ್ಲ ಅವರ ಸೆರಗು ಬಾಯಿಗೆ ಬರತೊಡಗಿತು. ಓಣಿಯ ಹೆಂಗಸರ ಭಜನೆಯಲ್ಲಿ ಮುಂದೆ ಕೂತು ಹೇಳಿಕೊಡುತ್ತಿದ್ದವರು ಹಿಂದಿನ ಸಾಲಿಗೆ ಸರಿದರು, ಆಮೇಲೆ ಗಂಟಲಿನ ನೆಪ ಹೇಳಿ ಹೋಗುವುದನ್ನೇ ಬಿಟ್ಟರು. ಬೇಸಿಗೆ ಬಂತು. ಒಂದು ಮಧ್ಯಾಹ್ನ ತಣ್ಣೀರು ಬಾಯಿಗಿಟ್ಟವರು ದವಡೆ ಹಿಡಿದುಕೊಂಡು ಕುಸಿದು ಕೂತರು.

"ಏನಾತ್ರಿ ವೈನಿ?"

"ಏನಿಲ್ಲೋ. ಎರಡು ತಿಂಗಳಾತು, ದಿನಾ ನಿಂಬಿಹಣ್ಣು, ಉಪ್ಪು ಹಚ್ಚಿ ಹಲ್ಲು ತಿಕ್ಕೀನಿ. ಬಣ್ಣ ಹೋಗ್ತದ ಅಂದ್ರು."

ಯಾಕೆಂದು ನಾನು ಕೇಳಬೇಕಾಗಿರಲಿಲ್ಲ.

ಅಂದೇ ಸಂಜೆ ಹತ್ತಿರದ ದಂತವೈದ್ಯೆಯ ಬಳಿಗೆ ಕರೆದೊಯ್ದೆ. ಮರಾಠಿಯಲ್ಲಿ ಆಕೆ ನಿಧಾನವಾಗಿ ತಿಳಿಸಿ ಹೇಳಿದರು: ಚಹಾದ ಒಗರು ಹಲ್ಲಿನ ಹೊರಮೈಗಷ್ಟೇ ಹತ್ತಿಕೊಳ್ಳುತ್ತದೆ, ಅದನ್ನು ಸ್ವಚ್ಛಗೊಳಿಸಬಹುದು; ಆದರೆ ಹುಳಿಯಿಂದ ತಿಕ್ಕಿ ಸವೆಸಿದ ಗಟ್ಟಿ ಪದರ ಮತ್ತೆ ಬೆಳೆಯುವುದಿಲ್ಲ. ಸ್ನೇಹಿತರೇ, ಅಂದು ಕಲಿತದ್ದನ್ನು ನಿಮಗೂ ಧೈರ್ಯವಾಗಿ ಹೇಳುತ್ತೇನೆ. ಚಹಾ ಬಿಡಬೇಕಿಲ್ಲ, ಇಡೀ ದಿನ ಗುಟುಕರಿಸದೆ ಎರಡು ಹೊತ್ತು ಕೂತು ಕುಡಿಯಿರಿ, ಕುಡಿದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿರಿ. ಅರಿಸಿನದ ಸಾರಿಗೂ ನೇರಳೆಹಣ್ಣಿಗೂ ಇದೇ ಉಪಾಯ. ಹುಳಿ ತಿಂದ ಮೇಲೆ ಅರ್ಧ ಗಂಟೆ ಬಿಟ್ಟು ಮೃದುವಾದ ಬ್ರಶ್ಶಿನಿಂದ ಉಜ್ಜಿರಿ. ಇದ್ದಿಲು, ಇಟ್ಟಿಗೆಪುಡಿಗಳ ಗೋಜಿಗೆ ಹೋಗಬೇಡಿ.

ಎರಡು ಭೇಟಿಗಳಲ್ಲಿ ಕಲೆಗಳು ಹೋದವು, ನೋವಿಗೆ ಬೇರೆ ಪೇಸ್ಟು ಸಿಕ್ಕಿತು. ದವಾಖಾನೆಯ ಮೆಟ್ಟಿಲಿಳಿಯುತ್ತ, ಎರಡು ತಿಂಗಳು ತಡವಾಗಿ, ನಾನು ಬಾಯಿಬಿಟ್ಟೆ.

"ವೈನಿ, ಅವತ್ತ ಬೀಗರ ಮುಂದ ಹಂಗ ಅನ್ನಬಾರದಿತ್ತು ನಾ. ತಪ್ಪಾತು."

ಅವರು ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಂತರು. "ನಾನೂ ನಕ್ಕಿದ್ದೆ ಅಲ್ಲೇನು? ಅದಕ್ಕ ನಿನಗ ತಿಳೀಲಿಲ್ಲ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಇನ್ನೊಬ್ಬರು ನಕ್ಕದ್ದನ್ನೇ ಚೇಷ್ಟೆಗೆ ಅನುಮತಿಯೆಂದು ತಿಳಿಯುವ ನನ್ನ ಚಟ ಅಲ್ಲಿಗೆ ಬಿಟ್ಟಿತು.

ಮುಂದಿನ ಶುಕ್ರವಾರ ಕೆಲಸದಿಂದ ಬಂದಾಗ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಕೀಲಿಕೈ ಕೊಡುತ್ತ, "ವೈನಿ ಭಜನಿಗೆ ಹೋಗ್ಯಾರ್ರಿ, ಇವತ್ತ ಅವರೇ ಹೇಳಿಕೊಡ್ತಾರಂತ" ಎಂದಳು.